ಬೈಗುಳ ನಿಂತರೆ ಬೆಲ್ಲ

ಬಾಣಾವರದ ಸ್ಟೇಷನ್ ರಸ್ತೆಯಲ್ಲಿ ಇಡ್ಲಿ ಹೋಟೆಲು ನಡೆಸುವ ಬಸಮ್ಮ, ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಏಳುವಾಗಲೇ ಸೆರಗಿನ ತುದಿಗೆ ಎರಡು ಚೂರು ಬೆಲ್ಲ ಗಂಟು ಹಾಕಿಕೊಳ್ಳುತ್ತಾರೆ. ಹಬ್ಬವಿರಲಿ, ಗ್ರಹಣವಿರಲಿ, ಇದು ತಪ್ಪಿದ್ದಿಲ್ಲ. ಸಕ್ಕರೆ ಕಾಯಿಲೆಗೆ ಅವರು ಇಂಜೆಕ್ಷನ್ ಶುರುಮಾಡಿ ಎಂಟು ವರ್ಷವಾಯಿತು. ಇಂಜೆಕ್ಷನ್ ಆದ ಮೇಲೆ ಊಟ ತಡವಾದರೆ ಸಕ್ಕರೆ ಸರ್ರನೆ ಇಳಿಯುತ್ತದೆ. ಆಗ ಬೆಲ್ಲವೇ ಗತಿ.

ಸಕ್ಕರೆ ಇಳಿದವರಿಗೆ ಬೆವರುತ್ತದೆ, ಕೈ ನಡುಗುತ್ತದೆ, ಎಷ್ಟೋ ಜನರಿಗೆ ಸಿಡುಕು ಹತ್ತುತ್ತದೆ. ಬಸಮ್ಮನಿಗೆ ಬೆವರು, ನಡುಕ ಎಲ್ಲರಂತೆಯೇ. ಸಿಡುಕು ಮಾತ್ರ ದಿನದ ಇಪ್ಪತ್ನಾಲ್ಕು ಗಂಟೆಯೂ ಇರುವುದರಿಂದ, ಸಕ್ಕರೆ ಇಳಿದಾಗ ಅದು ಹೋಗಿ ಸಜ್ಜನಿಕೆ ಬರುತ್ತದೆ. "ತಟ್ಟೆ ಬಡೀತೀಯಲ್ಲ, ಇದೇನ್ ನಿಮ್ಮಪ್ಪನ ಮದ್ವೆ ವಾಲಗವೇನೋ?" ಎನ್ನುವ ಬಾಯಿ "ಕೂತ್ಕಳಪ್ಪ, ಬಿಸಿದು ತತ್ತೀನಿ" ಎಂದರೆ ಗಿರಾಕಿಗಳೇ ಒಳಗೆ ಕೂಗುತ್ತಾರೆ: "ಯಜಮಾನ್ರೇ, ಅಮ್ಮ ಒಳ್ಳೇರಾಗವ್ರೆ, ಓಡ್ಬನ್ನಿ!" ಗಂಡ ರೇವಣಸಿದ್ದಪ್ಪ ಸಕ್ಕರೆ ನೀರು ಹಿಡಿದು ಓಡಿಬರುತ್ತಾರೆ. ಕಾಲು ಗಂಟೆಗೆ ಬೈಗುಳ ವಾಪಸು ಬರುತ್ತದೆ. ಎಲ್ಲರಿಗೂ ಸಮಾಧಾನ.

ಮಗಳು ಶಿಲ್ಪಾಳಿಗೆ ಬಿಕ್ಕೋಡಿನ ಸಂಬಂಧ ಬರುವ ತನಕ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಹುಡುಗ ಚನ್ನೇಶ್ ಅರಸೀಕೆರೆಯಲ್ಲಿ ಅವಳ ಜೊತೆಗೇ ಪಾಠ ಮಾಡುವ ಮೇಷ್ಟ್ರು. ಇಬ್ಬರಿಗೂ ಮನಸ್ಸಿತ್ತು. ಆದರೆ ಹಿಂದೆ ಎರಡು ಸಂಬಂಧ ಬಸಮ್ಮನ ಬಾಯಿಗೆ ಹೆದರಿ ವಾಪಸು ಹೋಗಿದ್ದವು.

"ಅಮ್ಮ, ಅವತ್ತೊಂದಿನ ಯಾರನ್ನೂ ಬೈಬೇಡ ಕಣಮ್ಮ. ಇದೂ ತಪ್ಪಿದ್ರೆ ನಾನು ಬೇರೆ ಯಾರನ್ನೂ ಒಪ್ಪಲ್ಲ" ಎಂದು ಶಿಲ್ಪಾ ಅತ್ತಳು.

ಬಸಮ್ಮ ಮಾತು ಕೊಟ್ಟರು. ಕೊರಳ ಲಿಂಗ ಮುಟ್ಟಲು ಹೋದವರು, ಯಾವುದಕ್ಕೂ ಇರಲಿ ಎಂದು ಕೈ ಹಿಂದಕ್ಕೆ ತೆಗೆದುಕೊಂಡರು.

ಆ ಭಾನುವಾರ ಹನ್ನೆರಡೂವರೆಗೆ "ಹಳೇಬೀಡಿಗೆ ಬಂದ್ವಿ" ಎಂದು ಫೋನು ಬಂತು. ಇನ್ನೇನು ಊಟ ಎಂದುಕೊಂಡು ಬಸಮ್ಮ ಇಂಜೆಕ್ಷನ್ ಚುಚ್ಚಿಕೊಂಡರು. ಎರಡು ಗಂಟೆಯಾದರೂ ಕಾರಿನ ಸುಳಿವಿಲ್ಲ. ಬೀಗರಾಗುವವರಿಗೆ ಬಡಿಸದೆ ಮನೆಯವರು ಉಣ್ಣುವುದು ಹೇಗೆ? ಸೆರಗಿನ ಗಂಟು ರೇಷ್ಮೆ ಸೀರೆಗೆ ಚೆನ್ನಾಗಿ ಕಾಣುವುದಿಲ್ಲವೆಂದು ಶಿಲ್ಪಾ ಮೆಲ್ಲನೆ ಬಿಚ್ಚಿ ಬೆಲ್ಲವನ್ನು ಅಡುಗೆಮನೆಯಲ್ಲಿ ಇಟ್ಟುಬಿಟ್ಟಿದ್ದಳು. ಗಡಿಬಿಡಿಯಲ್ಲಿ ಬಸಮ್ಮನಿಗೆ ಅದು ತಿಳಿಯಲೇ ಇಲ್ಲ.

ಕೊನೆಗೂ ಕಾರು ಬಂತು. "ಬಸ್ತಿಹಳ್ಳೀಲಿ ಇಳಿದಿದ್ವಿ. ಬಸದಿ ಕಂಬ ಎಷ್ಟು ನುಣುಪು ಅಂತೀರಿ, ಮುಖ ಕಾಣುತ್ತೆ!" ಎನ್ನುತ್ತ ಹುಡುಗನ ಸೋದರತ್ತೆ ಗುರುಸಿದ್ದಮ್ಮ ಒಳಗೆ ಬಂದರು.

"ತಡ ಆದ್ರೇನಂತೆ, ಬನ್ನಿ ಬನ್ನಿ" ಎಂದರು ಬಸಮ್ಮ.

ರೇವಣಸಿದ್ದಪ್ಪ ಬೆಚ್ಚಿ ಸಕ್ಕರೆ ಡಬ್ಬಿಯತ್ತ ಹೊರಟರು. ಶಿಲ್ಪಾ ಅಡ್ಡ ನಿಂತು ಪಿಸುಗುಟ್ಟಿದಳು: "ಅಪ್ಪ, ಅದು ಅಮ್ಮ ನಂಗೆ ಕೊಟ್ಟ ಮಾತು."

"ಮನೆ ಸ್ವಲ್ಪ ಚಿಕ್ಕದಾಯ್ತು" ಎಂದರು ಗುರುಸಿದ್ದಮ್ಮ.

"ಹೌದು ಕಣಮ್ಮ, ಚಿಕ್ಕದೇಯ."

ಬಸಮ್ಮನ ಹಣೆ ಬೆವರುತ್ತಿತ್ತು. ಸೆಕೆ ಇರಬೇಕು ಎಂದುಕೊಂಡೆವು. ಪಕ್ಕದ ಮನೆಯವಳೆಂದು ಪಾನಕ ಮಾಡಿಕೊಡಲು ಹೋಗಿದ್ದ ನನಗೂ ಇದು ಕೊಟ್ಟ ಮಾತೋ ಇಳಿದ ಸಕ್ಕರೆಯೋ ಗೊತ್ತಾಗಲಿಲ್ಲ.

ಹುಡುಗನ ತಂದೆ ದೇವೀರಪ್ಪ ಕೇಳಿದರು: "ಹೋಟ್ಲು ನೀವೇ ನಿಭಾಯಿಸ್ತೀರಂತೆ?"

"ನಾನೇನ್ ಮಾಡ್ತೀನಿ? ಎಲ್ಲಾ ನಮ್ ಯಜಮಾನ್ರೇ. ಭಾಳ ಬುದ್ಧಿವಂತ್ರು."

ಬಸಮ್ಮ ಯಾರನ್ನೂ ಬೈಯುವುದಿಲ್ಲ ಎಂದಿದ್ದರೇ ಹೊರತು ಗಂಡನನ್ನು ಹೊಗಳುತ್ತೇನೆ ಎಂದು ಮಾತು ಕೊಟ್ಟಿರಲಿಲ್ಲ. ಮೂವತ್ತೆರಡು ವರ್ಷದಲ್ಲಿ ಇಂಥದ್ದನ್ನು ಕೇಳಿರದ ರೇವಣಸಿದ್ದಪ್ಪ ದಡಕ್ಕನೆ ಎದ್ದರು. "ಹೋಯ್ತು! ಸಕ್ರೆ ಪೂರಾ ಇಳ್ದೋಗೈತೆ!" ಎನ್ನುತ್ತ, ದೇವೀರಪ್ಪ ಬಾಯಿಗೆತ್ತಲಿದ್ದ ಪಾನಕದ ಲೋಟ ಕಿತ್ತುಕೊಂಡು ಹೆಂಡತಿಗೆ ಕುಡಿಸಿದರು.

ಸಕ್ಕರೆ ಅಳೆಯುವ ಮಿಷನ್ನಿನಲ್ಲಿ ನೋಡಿದರೆ ಬರೀ ನಲವತ್ತೆಂಟು. ಶಿಲ್ಪಾ ಅಮ್ಮನ ನಡುಗುವ ಕೈ ಹಿಡಿದು ಕೂತಳು. ನಾನು ಒಳಗೊಳಗೇ ಶಿವನನ್ನು ಕರೆದೆ. ಕಾಲು ಗಂಟೆಯಾದ ಮೇಲೆ ಬಸಮ್ಮನ ಕಣ್ಣಿಗೆ ಕಳೆ ಬಂತು. ಮೊದಲು ಕಂಡವರು ಗುರುಸಿದ್ದಮ್ಮ.

"ಮುಖ ನೋಡ್ಕಳಾಕೆ ಬಸ್ತಿಹಳ್ಳಿ ಕಂಬವೇ ಬೇಕಾಗಿತ್ತಾ? ನಮ್ಮನೇಲಿ ಕನ್ನಡಿ ಇರ್ಲಿಲ್ವಾ? ಇಲ್ಲಿ ಅನ್ನ ಆರಿ ಕಲ್ಲಾಗೈತೆ!"

ಶಿಲ್ಪಾ ಮುಖ ಮುಚ್ಚಿಕೊಂಡಳು. ಇದೂ ಹೋಯಿತು ಎಂದೇ ಎಲ್ಲರೂ ತಿಳಿದೆವು. ಆದರೆ ದೇವೀರಪ್ಪ ಹೊಟ್ಟೆ ಹಿಡಿದು ನಗುತ್ತಾ ಜೇಬಿನಿಂದ ಗ್ಲೂಕೋಸ್ ಪುಡಿಯ ಪೊಟ್ಟಣ ತೆಗೆದರು.

"ನಾನೂ ಇಂಜೆಕ್ಷನ್ನೋನೇ ಕಣ್ರಮ್ಮ. ಇವ್ಳು ಕಂಬ ನೋಡೋಗಂಟ ಕಾರಲ್ಲಿ ಇದ್ನ ನೆಕ್ಕೊಂಡು ಕೂತಿದ್ದೆ. ನನ್ ತಂಗೀಗೆ ಹೇಳೋರೇ ಇರ್ಲಿಲ್ಲ, ಈಗ ಸಿಕ್ಕಿದ್ರು ಬುಡಿ!"

ಗುರುಸಿದ್ದಮ್ಮ ಎದ್ದು ತಾವೇ ಎಲೆ ಹಾಕತೊಡಗಿದರು.

ಊಟವಾಗಿ ತಾಂಬೂಲ ಬದಲಾಯಿತು. ಹೊರಡುವಾಗ ದೇವೀರಪ್ಪ ಹೇಳಿದರು: "ತೋಳಿಗೆ ಅಂಟಿಸ್ಕಳೋ ಬಿಲ್ಲೆ ಬಂದೈತಮ್ಮ. ಸಕ್ರೆ ಇಳಿದ್ರೆ ಫೋನು ಕೂಗ್ಕತದೆ. ಚನ್ನೇಶನ ಕೈಲಿ ಒಂದು ತರಿಸ್ಕೊಡ್ತೀನಿ."

ಬಸಮ್ಮ ರೇಷ್ಮೆ ಸೆರಗಿಗೆ ಬೆಲ್ಲದ ಗಂಟು ಹಾಕಿ ಹಲ್ಲಿನಿಂದ ಬಿಗಿಯುತ್ತಿದ್ದರು.

"ಬ್ಯಾಡಿ ಅಣ್ಣಾ" ಎಂದು ಗಂಡನ ಕಡೆ ಗದ್ದ ಚಾಚಿ ತೋರಿಸಿದರು. "ಕೂಗೋರು ಮನೇಲೇ ಅವ್ರೆ. ನಾನು ಹೊಗಳಿದ್ರೆ ಮಾತ್ರ ಕೂಗೋದು, ಅದೊಂದೇ ತಾಪತ್ರಯ."