ಖಾಲಿ ತಟ್ಟೆಗಳ ಕಾವಲಿನವರು

ಬೆಳಗಿನ ಆರು ಗಂಟೆ. ಆಹಾರ ಪರೀಕ್ಷಾಲಯದ ಎರಡನೇ ಮಹಡಿಯಲ್ಲಿ ಇನ್ನೂ ಯಾರ ಸುಳಿವೂ ಇಲ್ಲ. ಬಿಳಿ ಕೋಟಿನ ತೋಳು ಮಡಿಸಿಕೊಂಡ ಆಕೆ, ಮೈಬಿಸಿಯಷ್ಟೇ ಕಾವಿರುವ ಪೆಟ್ಟಿಗೆಯ ಬಾಗಿಲು ತೆರೆಯುತ್ತಾರೆ. ಬೆಚ್ಚನೆಯ, ತುಸು ಹುಳಿಯಾದ ವಾಸನೆ. ಒಳಗೆ ಅಂಗೈಯಗಲದ ಮುಚ್ಚಳದ ತಟ್ಟೆಗಳು ಸಾಲಾಗಿ ಕೂತಿವೆ. ಕೆಂಪು ಗುರುತಿರುವ ಒಂದನ್ನು ಮೊದಲು ಎತ್ತಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಅದರ ತುಂಬ ನೀಲಿ-ಹಸಿರು ಚುಕ್ಕೆಗಳು. ಸಮಾಧಾನದಿಂದ ತಲೆಯಾಡಿಸಿ, ಆಮೇಲೆ ಉಳಿದವುಗಳ ಕಡೆ ತಿರುಗುತ್ತಾರೆ.

ಹಾಲುಣ್ಣುವ ಕಂದಮ್ಮಗಳ ಡಬ್ಬದ ಪುಡಿಯಲ್ಲಿ ರೋಗಾಣು ಇದೆಯೇ ಎಂದು ಹುಡುಕುವುದು ಇವರ ಕೆಲಸ. ಸಹೋದ್ಯೋಗಿಗಳಿಗೆ ಇವರು ‘ಹಾಲುಪುಡಿ ಅಕ್ಕ’. ಒಂದು ಸಲಕ್ಕೆ ತಯಾರಾದ ಸರಕಿನಿಂದ ಮೂವತ್ತು ನಮೂನೆ, ಒಂದೊಂದೂ ಹತ್ತು ಗ್ರಾಂ. ಮೂವತ್ತೂ ತಟ್ಟೆ ಖಾಲಿ ಇರಬೇಕು. ಒಂದರಲ್ಲಿ ಆ ಚುಕ್ಕೆ ಕಂಡು, ಅದೇ ಕ್ರಿಮಿಯೆಂದು ಖಚಿತವಾದರೆ ಇಡೀ ಸರಕು ನಿಲ್ಲುತ್ತದೆ. ಕೆಂಪು ಗುರುತಿನ ತಟ್ಟೆಗೆ ಮಾತ್ರ ಬೇಕೆಂದೇ ಜೀವಂತ ಕ್ರಿಮಿ ಹಾಕಿರುತ್ತಾರೆ. ಅದಕ್ಕೆ ಇಲ್ಲಿಯ ಹೆಸರು ಸಾಕ್ಷಿ. “ಸಾಕ್ಷಿಯಲ್ಲಿ ಬೆಳೆದಿದ್ರೆ ಮಾತ್ರ ಮಿಕ್ಕಿದ್ದು ಖಾಲಿ ಅನ್ನೋ ಮಾತಿಗೆ ಬೆಲೆ,” ಎನ್ನುತ್ತಾರೆ ಅಕ್ಕ.

ಈ ತಿಂಗಳ ಕೊನೆಗೆ ಅವರ ನಿವೃತ್ತಿ. ಇಪ್ಪತ್ತೊಂಬತ್ತು ವರ್ಷದ ಸೇವಾ ಪುಸ್ತಕದಲ್ಲಿ ಒಂದೇ ಒಂದು ಕಪ್ಪುಚುಕ್ಕೆ ಇದೆ: ‘ನೋಡದೆ ದಾಖಲಿಸಿದ ನಿರ್ಲಕ್ಷ್ಯ’ ಎಂಬ ಷರಾ. ಹೊಸ ಅಧಿಕಾರಿ ಒಳ್ಳೆಯವರು. ಅರ್ಜಿ ಕೊಟ್ಟರೆ ಅದನ್ನು ತೆಗೆಸಿಕೊಡುತ್ತೇನೆ, ಹೋಗುವಾಗ ಪುಸ್ತಕ ಚೊಕ್ಕಟವಾಗಿರಲಿ ಎಂದಿದ್ದಾರೆ. ಉತ್ತರ ಕೊಡಲು ಇವತ್ತು ಕಡೆಯ ದಿನ. ಅಕ್ಕ ಎರಡು ರಾತ್ರಿ ಸರಿಯಾಗಿ ಮಲಗಿಲ್ಲ.

ಅವರು ಸೇರಿದ ಕಾಲಕ್ಕೆ ಇಲ್ಲಿ ಪ್ಲಾಸ್ಟಿಕ್ ತಟ್ಟೆಗಳಿರಲಿಲ್ಲ. ಗಾಜಿನವು; ಮಧ್ಯಾಹ್ನವೆಲ್ಲ ನಾಲ್ವರು ಹೆಂಗಸರು ತೊಟ್ಟಿಯ ಸುತ್ತ ನಿಂತು ತೊಳೆಯುತ್ತಿದ್ದರು. ಅಷ್ಟು ಹೊತ್ತಿನಲ್ಲಿ ಎಷ್ಟು ಸಂಸಾರಗಳು ಬಿಚ್ಚಿಕೊಳ್ಳುತ್ತಿದ್ದವೋ. ತಟ್ಟೆಗೆ ಹುಯ್ಯುವ, ಕ್ರಿಮಿ ಬೆಳೆಯಲು ಬೇಕಾದ ಆಹಾರವನ್ನೂ ತಾವೇ ಕುದಿಸಬೇಕಿತ್ತು. ಹದ ತಪ್ಪಿದರೆ ಹಿರಿಯ ಸಹಾಯಕಿ, ಎಲ್ಲರೂ ದೊಡ್ಡಕ್ಕ ಎನ್ನುತ್ತಿದ್ದವರು, ಗದರುತ್ತಿದ್ದರಂತೆ: “ಸೀದದ್ದನ್ನ ನಿನ್ನ ಗಂಡ ತಿಂದಾನು ಕಣೇ, ಕ್ರಿಮಿ ತಿನ್ನಲ್ಲ.” ಇದನ್ನು ಹೇಳುವಾಗ ಅಕ್ಕನ ಮುಖದಲ್ಲಿ ಆ ಮಧ್ಯಾಹ್ನಗಳ ಬಿಸಿಲು ಇನ್ನೂ ಇದೆ. ಆ ನಾಲ್ವರಲ್ಲಿ ಈಗ ಉಳಿದಿರುವುದು ಇವರೊಬ್ಬರೇ.

ಷರಾ ಬಿದ್ದದ್ದು ಇಪ್ಪತ್ತೆರಡು ವರ್ಷದ ಹಿಂದೆ. ಹೆರಿಗೆ ರಜೆ ಮುಗಿಸಿ ಬಂದ ಮೊದಲ ವಾರ. ಎದೆಹಾಲು ಬತ್ತಿ ಮಗಳಿಗೆ ಡಬ್ಬದ ಹಾಲು. ಊರ ಮಕ್ಕಳ ಹಾಲು ಪರೀಕ್ಷೆ ಮಾಡುವವಳ ಮನೆಯಲ್ಲೇ ಡಬ್ಬ ನೋಡಿ ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಿದ್ದರು. ನಿದ್ದೆಗೆಟ್ಟ ಕಣ್ಣಿನಲ್ಲೇ ಅಕ್ಕ ಒಂದು ಸಂಜೆ ಮೂವತ್ತು ತಟ್ಟೆ ನೋಡಿದರು. ಎಲ್ಲವೂ ಖಾಲಿ. ವರದಿಗೆ ಸಹಿ ಹಾಕಿ ಮನೆಗೆ ಬಂದರು.

ಮರುದಿನ ನಸುಕಿನಲ್ಲಿ ಬಾಟಲಿಗೆ ಪುಡಿ ಹಾಕುತ್ತಿದ್ದಾಗ ಕೈ ನಿಂತಿತು. “ಸಾಕ್ಷಿ ತಟ್ಟೆ ನೋಡಿದ್ದು ಕಣ್ಣ ಮುಂದೆ ಬರ್ಲೇ ಇಲ್ಲ. ದಿನಾ ಟಿಕ್ ಹಾಕೋ ಕೈ, ಅವತ್ತೂ ಹಾಕ್ಬಿಟ್ಟಿತ್ತು. ನೋಡಿದ್ನಾ ಇಲ್ವಾ ಗೊತ್ತಾಗ್ಲಿಲ್ಲ.” ಹತ್ತು ಗಂಟೆಗೆ ವರದಿ ಹೊರಡುತ್ತದೆ, ಸರಕು ಅಂಗಡಿಗಳಿಗೆ ಹೋಗುತ್ತದೆ. ಅತ್ತೆ ಸೊಸೆಯ ಮುಖ ನೋಡಿದರು. ಮಗುವನ್ನು ತಮ್ಮ ಮಡಿಲಿಗೆ ಎಳೆದುಕೊಂಡು, “ಬಾಟ್ಲಿ ನಾ ಕೊಡ್ತೀನಿ, ನೀ ಹೋಗು,” ಅಂದರು.

ತಟ್ಟೆಗಳು ತೊಳೆಯಲು ತೆಗೆದಿಟ್ಟ ಬುಟ್ಟಿಯಲ್ಲಿದ್ದವು. ಅಕ್ಕ ಕೆದಕಿ ಕೆಂಪು ಗುರುತಿನದನ್ನು ತೆಗೆದರು. ಹಳದಿ ಚುಕ್ಕೆ ತುಂಬಿರಬೇಕಿದ್ದ (ಆಗಿನ ತಟ್ಟೆಗಳಲ್ಲಿ ಅದು ಹಳದಿಯಾಗಿ ಮೂಡುತ್ತಿತ್ತು) ಸಾಕ್ಷಿಯೂ ಖಾಲಿ. ಅವರೇ ಕುದಿಸಿದ್ದ ಆಹಾರ ಸೀದುಹೋಗಿತ್ತು. ಅದರಲ್ಲಿ ಏನು ಹಾಕಿದ್ದರೂ ಬೆಳೆಯುತ್ತಿರಲಿಲ್ಲ.

ರವಾನೆಯ ಗುಮಾಸ್ತರ ಮೇಜಿನಿಂದ ಲಕೋಟೆ ಎತ್ತಿಕೊಂಡೇ ಅಧಿಕಾರಿಯ ಮುಂದೆ ನಿಂತರು. ಆಗಿನ ಅಧಿಕಾರಿ ಕಾಗದ ತಿರುಗಿಸಿ ತೋರಿಸಿದರು: ಸಾಕ್ಷಿ ಬೆಳೆದಿದೆ ಎಂದು ನೀವೇ ಗುರುತು ಹಾಕಿದ್ದೀರಲ್ಲ. ಕಣ್ತಪ್ಪು ಎಂದಿದ್ದರೆ ಮುಗಿದುಹೋಗುತ್ತಿತ್ತೇನೋ. “ನೋಡದೇ ಹಾಕಿದ್ದು ಸರ್,” ಎಂದರು ಅಕ್ಕ.

ಹೊಸ ಆಹಾರ ಕುದಿಸಿ ಮತ್ತೆ ಪರೀಕ್ಷೆ ಮಾಡಿದರು. ಮೂವತ್ತರಲ್ಲಿ ಎರಡು ತಟ್ಟೆಗಳಲ್ಲಿ ಅದೇ ಕ್ರಿಮಿ. ಸರಕನ್ನು ತಡೆದು ನಾಶಮಾಡಿದರು. ಷರಾ ಬಂತು, ಬಡ್ತಿ ಮೂರು ವರ್ಷ ತಡವಾಯಿತು. ಆ ಎರಡು ತಟ್ಟೆಗಳ ಕಾಗದ ಹಳೆಯ ಕಡತಗಳ ಜೊತೆ ಎಂದೋ ವಿಲೇವಾರಿಯಾಗಿದೆ. ಯಾವ ಮಗುವಿಗೂ ಏನೂ ಆಗಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಅತ್ತೆ ಮಾತ್ರ ಆಮೇಲೆ ಡಬ್ಬದ ಮಾತೆತ್ತಲಿಲ್ಲವಂತೆ. “ಬಾಯಲ್ಲಿ ಹೊಗಳಿದವರಲ್ಲ. ನಾನು ಕೆಲಸದಿಂದ ಬರೋ ಹೊತ್ತಿಗೆ ಬಾಟ್ಲಿ ಕುದಿಸಿ, ಬಟ್ಟೆ ಮುಚ್ಚಿ ಇಟ್ಟಿರೋರು. ಈಗ ಬೈಯೋಕೂ ಅವರಿಲ್ಲ,” ಎನ್ನುತ್ತಾರೆ ಅಕ್ಕ.

ಹನ್ನೊಂದು ಗಂಟೆಗೆ ಅಕ್ಕ ಅಧಿಕಾರಿಯ ಕೋಣೆಗೆ ಹೋಗುತ್ತಾರೆ. ಅವರು ಅರ್ಜಿಯ ನಮೂನೆ ತೆಗೆದಿಟ್ಟೇ ಕಾಯುತ್ತಿದ್ದಾರೆ. ಪೆನ್ನೂ ಮುಂದೆ ಸರಿಸುತ್ತಾರೆ. ಅಕ್ಕ ಕೂರುವುದಿಲ್ಲ.

“ಅಳಿಸೋದು ಬೇಡ ಸರ್. ನೋಡದೇ ಬರೆದದ್ದು ನಿಜ, ಅದು ಇರ್ಲಿ. ಆಗೋದಾದ್ರೆ ಅದರ ಕೆಳಗೆ ಒಂದು ಸಾಲು ಸೇರಿಸಿಕೊಡಿ: ಮರುಪರೀಕ್ಷೆಯಲ್ಲಿ ಮೂವತ್ತರಲ್ಲಿ ಎರಡು, ಅಂತ. ಅಷ್ಟು ಸಾಕು.”