ಬಾಟಲಿ ತರದೆ ಸಾಲಿನಲ್ಲಿ ನಿಂತವಳು

...ಅಥವಾ ನಾವು ರೋಣದ ದವಾಖಾನೆಗೆ ಹೋದದ್ದು ಎತ್ತಿನ ಚಕ್ಕಡಿಯಲ್ಲಲ್ಲ, ಬಸ್ಸಿನಲ್ಲೇ ಇರಬೇಕು. ಅವ್ವನ ಮೊಣಕಾಲ ಮೇಲೆ ಕಿಟಕಿ ಸರಳಿನ ನೆರಳು ಬಿದ್ದದ್ದು ನೆನಪಿದೆ, ಚಕ್ಕಡಿಗೆ ಸರಳೆಲ್ಲಿ? ಆದರೆ ನಾನಾಗ ಜ್ವರದಿಂದ ಎದ್ದು ಕೂತವಳು. ಜ್ವರ ಬಂದ ತಲೆ ಕಂಡದ್ದನ್ನೂ ಕಾಣದ್ದನ್ನೂ ಒಂದೇ ಗಂಟಿನಲ್ಲಿ ಕಟ್ಟಿಡುತ್ತದೆ. ಅದನ್ನು ಬಿಚ್ಚಿ ಅಂದವಾಗಿ ಮಡಿಚಿಡುವ ಉಮೇದು ನನಗಿಲ್ಲ.

ಐವತ್ತರ ದಶಕದ ಕೊನೆಯ ಆ ವರ್ಷ, ಹಡಗಿನಲ್ಲಿ ಹೊರದೇಶದಿಂದ ಬಂತೆನ್ನುತ್ತಿದ್ದ ಫ್ಲೂ ಜ್ವರ ಅಬ್ಬಿಗೇರಿಯ ಮನೆಮನೆಯನ್ನೂ ಹೊಕ್ಕಿತ್ತು. ವರ್ಷವೂ ಊರಿಗೆ ಬಂದು ಕೂಸುಗಳ ತೋಳು ಗೀರಿ ಸಿಡುಬಿನ ಲಸಿಕೆ ಹಾಕುತ್ತಿದ್ದವನು ಆ ಸಲ ಬರಲಿಲ್ಲ. ಮುಶಿಗೇರಿಯಲ್ಲಿ ಸಿಡುಬು ಎದ್ದಿದೆ ಎಂಬ ಸುದ್ದಿ ಮಾತ್ರ ಬಂತು. ನನ್ನ ತಂಗಿಗೆ ಇನ್ನೂ ಹಲ್ಲು ಮೂಡಿರಲಿಲ್ಲ, ಲಸಿಕೆಯೂ ಆಗಿರಲಿಲ್ಲ.

ಸಿಡುಬಿಗೂ ಅದರ ಲಸಿಕೆಗೂ ನಮ್ಮಲ್ಲಿ ‘ದೇವಿ’ ಎಂದೇ ಹೆಸರು. ಹಾಕಿಸಿಕೊಂಡ ಕೂಸಿನ ಗಾಯ ಒಣಗುವ ತನಕ ಮನೆಯಲ್ಲಿ ಒಗ್ಗರಣೆ ಇಲ್ಲ, ದೇವಿಗೆ ಮೊಸರನ್ನದ ಎಡೆ. ಹಾಗಾಗಿ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು.

“ಮನ್ಯಾಗ ಜ್ವರ ಮಕ್ಕೊಂಡೈತಿ. ಅದು ಹೋಗೂ ತನಕ ದೇವೀನ ಕರಿಯಾಕ ಹೋಗಬ್ಯಾಡ. ಇಬ್ರು ಬೀಗರನ್ನ ಒಮ್ಮಿಗೇ ಯಾರ್ ಸಂಭಾಳಸ್ತಾರ?”

“ಮುಶಿಗೇರಿಗೆ ಬಂದಾಕಿ ನಿಮ್ಮನ್ನ ಕೇಳಿ ಬರ್ತಾಳೇನ್ರಿ ಅತ್ತಿ?” ಎಂದ ಅವ್ವ ಕೂಸನ್ನು ಸೊಂಟಕ್ಕೇರಿಸಿ, ನನ್ನ ಕೈ ಹಿಡಿದು ರೋಣಕ್ಕೆ ಹೊರಟೇಬಿಟ್ಟಳು.

ದವಾಖಾನೆಯಲ್ಲಿ ಜ್ವರದ ಔಷಧಕ್ಕೆ ಉದ್ದನೆಯ ಸಾಲು. ಎಲ್ಲರ ಕೈಯಲ್ಲೂ ಖಾಲಿ ಬಾಟಲಿ.

“ಬಾಟ್ಲಿ ಎಲ್ಲೈತಿ?” ಎಂದ ಕಂಪೌಂಡರ್.

“ಬಾಟ್ಲಿ ತಂದಿಲ್ರಿ. ತೋಳ್ ತಂದೇನಿ.” ಅವ್ವ ತಂಗಿಯ ಅಂಗಿಯ ತೋಳು ಸರಿಸಿದಳು.

“ದೇವಿ ಹಾಕಾಂವ್ ಗಜೇಂದ್ರಗಡಕ್ಕ ಹೋಗ್ಯಾನ, ಜ್ವರದ ಔಷಧ ಹಂಚಾಕ. ಈ ವರ್ಷ ಅದೆಲ್ಲಾ ಬಂದ್.”

“ಅಂವ ಹೋಗ್ಲಿ ಬಿಡ್ರಿ. ಸೂಜೀನೂ ಕರ್ಕೊಂಡ್ ಹೋಗ್ಯಾನೇನ?”

ಹಿಂದೆ ನಿಂತ ಮುದುಕಿ ಗೊಣಗಿದಳು: “ಸರಿಯಬೇ, ನಿಂತಲ್ಲೇ ಬೀಳಾಕತ್ತೇವಿ ನಾವು.”

“ಬೀಳ್ರಿ ಯವ್ವಾ, ಹಿಡಕೋತೇನಿ. ಸರಿಯಾಂಗಿಲ್ಲ.”

ಸಾಲು ನಕ್ಕಿತು. ಕಂಪೌಂಡರ್ ನಗಲಿಲ್ಲ. ಅವ್ವನನ್ನು ಸುತ್ತುಹಾಕಿಕೊಂಡೇ ಉಳಿದವರು ಔಷಧ ಒಯ್ದರು. ಹಳ್ಳಿಯ ಹೆಂಗಸರು ಲಸಿಕೆಗೆ ಹೆದರಿ ಮಕ್ಕಳನ್ನು ಅಡಗಿಸುತ್ತಿದ್ದರು ಎಂದು ತಿಳಿದವರು ಈಗಲೂ ಹೇಳುತ್ತಾರೆ. ಅಡಗಿಸುತ್ತಿದ್ದರು, ನಿಜ. ಲಸಿಕೆ ಹಾಕಿರೆಂದು ದವಾಖಾನೆಯ ಸಾಲು ತಡೆದು ನಿಂತವಳ ಲೆಕ್ಕ ಮಾತ್ರ ಯಾರೂ ಹೇಳುವುದಿಲ್ಲ.

ಕೊನೆಗೆ ಡಾಕ್ಟರೇ ಹೊರಬಂದು ಲಸಿಕೆಯ ಸಣ್ಣ ಗಾಜಿನ ನಳಿಕೆಯೊಂದನ್ನು ಬೆಳಕಿಗೆ ಹಿಡಿದು ನೋಡಿದರು.

“ಇದನ್ನ ತಣ್ಣಗ ಇಟ್ಟಿದ್ದ ಬರ್ಫ ಕರಗಿ ಭಾಳ ದಿನ ಆತು. ಬಿಸಲಿಗೆ ಇದರ ಶಕ್ತಿ ಹೋಗಿರಬಹುದು. ಹತ್ತತದೋ ಇಲ್ಲೋ ಹೇಳ್ಲಿಕ್ಕೆ ಬರೂದಿಲ್ಲ.”

“ಹಾಕ್ರಿ. ಹತ್ತಲಿಲ್ಲಂದ್ರ ಮತ್ತ ಬಂದ್ ನಿಂದರತೇನಿ.”

ಹಾಕಿದರು. ತಂಗಿ ಕಿರುಚಿದಳು. ಅಥವಾ ಕಿರುಚಿದವಳು ನಾನೋ.

ಕೆಲ ದಿನಗಳಲ್ಲಿ ತೋಳಿನ ಮೇಲೆ ಒಂದು ಗುಳ್ಳೆ ಎದ್ದಿತು. ದೇವಿ ಹತ್ತಿತು ಎಂದಳು ಅವ್ವ, ಒಗ್ಗರಣೆ ನಿಲ್ಲಿಸಿದಳು. ಅದು ಸೆಕೆಗುಳ್ಳೆ ಎಂದು ಅಜ್ಜಿ ಬೇಕೆಂದೇ ಸಾರಿಗೆ ಸಾಸಿವೆ ಸಿಡಿಸಿದಳು. ಸಿಡುಬು ನಮ್ಮ ಓಣಿಯ ಎರಡು ಮನೆಗಳಿಗೆ ಬಂತು. ನಮ್ಮ ಮನೆಗೆ ಬರಲಿಲ್ಲ. ಮುಂದೆ ಶಾಲೆಯಲ್ಲಿ ತಂಗಿಗೆ ಮತ್ತೆ ಲಸಿಕೆ ಹಾಕಿದರು, ಅದೇ ತೋಳಿಗೆ. ಹಾಗಾಗಿ ಈಗ ಕಾಣುವ ಕಲೆ ಯಾವುದರದ್ದೆಂದು ಹೇಳಲಾಗದು. ಅವಳನ್ನು ಉಳಿಸಿದ್ದು ಆ ದಿನದ ಔಷಧವೋ, ಇಲ್ಲವೇ ಅದು ಕೆಟ್ಟುಹೋಗಿದ್ದರೂ ಸಿಡುಬೇ ನಮ್ಮನ್ನು ದಾಟಿ ಹೋಯಿತೋ, ನನಗೆ ಗೊತ್ತಿಲ್ಲ.