ಔರಾದಿನಿಂದ ಬೀದರಿಗೆ, ಕೆಂಪು ದೀಪ ದಾಟಿ

ಭಾಲ್ಕಿಯಿಂದ ಔರಾದಿಗೆ ಬೆಳಗಿನ ಮೊದಲ ಬಸ್ಸು ಹಿಡಿದೆ. ಡಿಸೆಂಬರ್ ತಿಂಗಳು, ಅದರಲ್ಲೂ ನನ್ನ ಪಾಲಿಗೆ ಬಂದದ್ದು ಮುಚ್ಚಲಾಗದ ಕಿಟಕಿ. ಹೆಂಗಸರಿಗೆ ಟಿಕೆಟ್ ಇಲ್ಲ, ನನಗೆ ಇದೆ. ಚಳಿ ಮಾತ್ರ ಎಲ್ಲರಿಗೂ ಪುಕ್ಕಟೆ. ದಾರಿಯುದ್ದಕ್ಕೂ ಕಬ್ಬಿನ ಟ್ರ್ಯಾಕ್ಟರುಗಳು ಎರಡೆರಡು ಟ್ರೇಲರ್ ಎಳೆದುಕೊಂಡು ನಮ್ಮ ಮುಂದೆಯೇ ಇದ್ದವು.

ನಾನು ಭಾಲ್ಕಿಯಲ್ಲಿ ಕಾರು ಓಡಿಸಲು ಕಲಿಸುವವನು. ಇಪ್ಪತ್ತೆರಡು ವರ್ಷದ ಕಸುಬು. ನಮ್ಮೂರ ಸರ್ಕಲ್ಲಿಗೆ ಸಿಗ್ನಲ್ ಬೇಕೋ ಬೇಡವೋ ಎಂದು ಚಹಾ ಅಂಗಡಿಯಲ್ಲಿ ವಾದ ಎದ್ದಾಗಲೆಲ್ಲ ನಾನು ಬೇಡದ ಪಕ್ಷ. ಕಣ್ಣಿದ್ದವನಿಗೆ ದೀಪ ಯಾಕೆ? ಎದುರಿನ ರಸ್ತೆ ಖಾಲಿಯಿದ್ದರೂ ಗಾಡಿ ನಿಲ್ಲಿಸಿ, ಪೆಟ್ರೋಲು ಸುಟ್ಟು, ಹಿಂದೆ ಸಾಲು ಬೆಳೆಸುವುದಷ್ಟೇ ಅದರ ಕೆಲಸ. ಇದನ್ನು ಎಷ್ಟು ಸಲ ಹೇಳಿದ್ದೇನೆಂದರೆ, ಈಗ ನಾನು ಬಾಯಿ ತೆರೆದರೆ ಸಾಕು, ಅಂಗಡಿಯವನು ಬೇರೆ ಗಿರಾಕಿ ಕಡೆ ತಿರುಗುತ್ತಾನೆ.

ಔರಾದಿನಲ್ಲಿ ಸುಮಿತ್ರಾಬಾಯಿ ಕಾರಿನ ಪಕ್ಕ ಕಾಯುತ್ತಿದ್ದರು. ಎಕಂಬಾದ ಶಾಲೆಯಲ್ಲಿ ಕಲಿಸುವ ಟೀಚರು, ಐವತ್ತು ದಾಟಿದೆ. ಪತಿ ಮಾರುತಿರಾವ್ ಮೂವತ್ತು ವರ್ಷ ಬಸ್ ಓಡಿಸಿ ನಿವೃತ್ತರಾದವರು. ಈಗ ಮೂತ್ರಪಿಂಡ ಕೈಕೊಟ್ಟಿದೆ. ವಾರಕ್ಕೆ ಎರಡು ಸಲ ಬೀದರಿನಲ್ಲಿ ಡಯಾಲಿಸಿಸ್. ಕರೆದೊಯ್ಯುತ್ತಿದ್ದ ಪಕ್ಕದ ಮನೆಯವರಿಗೆ ವರ್ಗವಾಯಿತು. ಅದಕ್ಕೇ ಟೀಚರು ಭಾಲ್ಕಿಗೆ ಬಂದು ನನ್ನ ಹತ್ತಿರ ಕಾರು ಕಲಿತರು, ಲೈಸೆನ್ಸೂ ಪಡೆದರು. ಆದರೆ ಬೀದರಿನ ಸಿಗ್ನಲ್ ಎಂದರೆ ಅವರಿಗೆ ಭಯ. ಇವತ್ತೊಂದು ದಿನ ನಾನು ಪಕ್ಕದಲ್ಲಿ, ಗುರುವಾರದಿಂದ ಅವರಿಬ್ಬರೇ. ಕಲಿಸುವ ಕಾರಿನಲ್ಲಿ ನನ್ನ ಕಾಲಿಗೂ ಒಂದು ಬ್ರೇಕ್ ಇರುತ್ತದೆ. ಇದು ಅವರ ಸ್ವಂತ ಕಾರು, ಆ ಅನುಕೂಲ ಇರಲಿಲ್ಲ.

ಮಾರುತಿರಾವ್ ಹಿಂದಿನ ಸೀಟಿನಲ್ಲಿ ದಿಂಬಿಗೆ ಒರಗಿದರು. ನನ್ನ ನಮಸ್ಕಾರಕ್ಕೆ ಬರೀ "ಹ್ಞೂಂ" ಎಂದರು. ಹೆಂಡತಿಯ ಹಿಂದೆ ಕೂರುವುದು ಹಳೆಯ ಡ್ರೈವರಿಗೆ ಎಂಥ ಸಂಕಟ ಎಂದು ನನಗೆ ಗೊತ್ತು, ನಾನಾಗಿದ್ದರೂ ಮುಖ ಊದಿಸಿಕೊಂಡೇ ಕೂರುತ್ತಿದ್ದೆ.

ಸಂತಪುರದಲ್ಲಿ ಚಹಾಕ್ಕೆ ನಿಂತೆವು. ಮಿರ್ಚಿ ಭಜಿ ಬಿಸಿಯಾಗಿತ್ತು. ಮಾರುತಿರಾವ್ ಅವರಿಗೆ ನೀರು ಇಷ್ಟೇ ಎಂಬ ಮಿತಿಯಿದೆ. ಎರಡು ಗುಟುಕು ಚಹಾ ಕುಡಿದು ಕಪ್ಪು ಮರಳಿಸಿದರು. ಟೀಚರೂ ಅಷ್ಟೇ ಕುಡಿದು ಉಳಿದದ್ದು ಚೆಲ್ಲಿದರು. ನಾನು ನನ್ನದನ್ನು ಅಂಗಡಿಯ ಹಿಂದೆ ಹೋಗಿ ಮುಗಿಸಿದೆ.

ಕೌಠಾ ಹತ್ತಿರ ಮಾಂಜ್ರಾ ನದಿಯ ಸೇತುವೆಯ ಮೇಲೆ ಮಂಜು ಇನ್ನೂ ಇತ್ತು. ಟೀಚರು ನೆಟ್ಟ ನೋಟ ಸರಿಸಲಿಲ್ಲ. ಎದುರಿಗೆ ಟ್ರ್ಯಾಕ್ಟರ್ ಬಂದಾಗಲೆಲ್ಲ ಹಿಂದೆ ಒಂದು ಸಣ್ಣ ಸದ್ದು. ತಿರುಗಿ ನೋಡಿದರೆ, ಮಾರುತಿರಾವ್ ಬಲಗಾಲಿನಿಂದ ಇಲ್ಲದ ಬ್ರೇಕ್ ಒತ್ತುತ್ತಿದ್ದರು. ನನ್ನ ಕಾಲೂ ಅದನ್ನೇ ಮಾಡುತ್ತಿತ್ತು.

ನಲವತ್ತು ಚಿಲ್ಲರೆ ಕಿಲೋಮೀಟರ್ ಮುಗಿಸಿ ಬೀದರ್ ಹೊಕ್ಕೆವು. ಮೊದಲ ಸಿಗ್ನಲ್ಲಿನಲ್ಲಿ ತೊಂದರೆಯಾಗಲಿಲ್ಲ. ಎರಡನೆಯದರಲ್ಲಿ ನಾವೇ ಸಾಲಿನ ಮುಂದಿದ್ದೆವು. ಹಸಿರು ಬಿತ್ತು. ಬದಿಯಿಂದ ಒಂದು ಆಟೋ ಮೂತಿ ತೂರಿಸಿತು. ಟೀಚರು ಕಿಟಕಿಯಿಂದ ಕೈ ಹೊರಗೆ ಮಾಡಿ, "ಬರ್ರಿ, ಬರ್ರಿ, ನೀವ್ ಮುಂದ ಹೋಗ್ರಿ" ಎಂದರು. ಆಟೋದ ಹಿಂದೆ ಸೈಕಲ್ಲಿನ ಮುದುಕರು. "ಹೋಗ್ರಿ ಕಾಕಾ." ಅವರ ಹಿಂದೆ ಕಬ್ಬಿನ ಟ್ರ್ಯಾಕ್ಟರ್, ಅದರ ಎರಡೂ ಟ್ರೇಲರ್. ಔರಾದಿನ ರಸ್ತೆ ಕೂಡುವಲ್ಲಿ ಹೀಗೇ ಮಾಡುವುದು. ಮೊದಲು ಕೈ ತೋರಿ ದಾರಿ ಬಿಟ್ಟವರೇ ದೊಡ್ಡವರು. ಹಿಂದಿನಿಂದ ಬೈಕಿನವನೊಬ್ಬ ಕೂಗಿದ, "ಜಾತೇ ಕಿ ನೈ, ಅಮ್ಮಾ?" ಹೋಗ್ತೀರೋ ಇಲ್ಲವೋ ಎಂದು ಅವನ ಪ್ರಶ್ನೆ. ಅಷ್ಟರಲ್ಲಿ ಮತ್ತೆ ಕೆಂಪು.

ನನಗೆ ತಡೆಯಲಾಗಲಿಲ್ಲ. "ಟೀಚರ್ರೇ, ಹಸಿರ ಬಿದ್ದಾಗ ಯಾರಿಗೂ ಮರ್ಯಾದಿ ಕೊಡಬಾರದ್ರಿ! ಹಸಿರ ಅಂದ್ರ ನಿಮ್ಮ ಪಾಳಿ!"

"ತಪ್ಪಾತ್ರಿ ಸರ್," ಎಂದರು. ಆಮೇಲೆ ದೀಪದ ಕೆಳಗೆ ಇಳಿಯುತ್ತಿದ್ದ ಅಂಕಿ ನೋಡಿದರು. ಐವತ್ತೆಂಟು, ಐವತ್ತೇಳು. "ಇಷ್ಟೊತ್ತು ಗಾಡಿ ಬಿಡೂ ಹಂಗಿಲ್ಲೇನ್ರಿ?"

"ಇಲ್ಲ."

ಅವರು ಕೈಬ್ರೇಕ್ ಎಳೆದು ಪೂರ್ತಿ ಹಿಂದೆ ತಿರುಗಿದರು. ಮಾರುತಿರಾವ್ ಅವರ ತಲೆ ದಿಂಬಿನಿಂದ ಜಾರಿ ಗಾಜಿಗೆ ತಾಗಿತ್ತು, ಹಣೆಯ ಮೇಲೆ ಬೆವರು. ಟೀಚರು ಸೆರಗಿನಿಂದ ಒರೆಸಿದರು, ದಿಂಬು ಸರಿಮಾಡಿದರು, ಒಂದು ಕ್ಷಣ ಮುಖವನ್ನೇ ನೋಡಿದರು. ಮಾರುತಿರಾವ್ ಕಣ್ಣು ತೆರೆಯಲಿಲ್ಲ, ಆದರೆ ಕೈಯನ್ನು ದೂರ ತಳ್ಳಲೂ ಇಲ್ಲ.

"ಈ ಕೆಂಪ ಛಲೋ ಅದ ನೋಡ್ರಿ ಸರ್," ಮುಂದೆ ತಿರುಗಿ ಟೀಚರು ಹೇಳಿದರು. "ಸಂತಪುರ ಬಿಟ್ಟ ಮ್ಯಾಲ ಅವರ ಮುಖಾನೇ ನೋಡಿದ್ದಿಲ್ಲ. ಹ್ಯಾಂಗ್ ಅದಾರ ಅಂತ ಅದೇ ಚಿಂತಿ."

ಓಡಿಸುವಾಗ ತಿರುಗಿ ನೋಡಕೂಡದು, ಕನ್ನಡಿಯಲ್ಲಿ ಕಾಣಬೇಕಾದದ್ದು ಹಿಂದಿನ ರಸ್ತೆ, ಹಿಂದೆ ಕೂತವರ ಮುಖವಲ್ಲ ಎಂದು ಗದರಿಸಿ ಕಲಿಸಿದವನು ನಾನೇ. ಈ ಸಲ ಹಸಿರು ಬಿದ್ದಾಗ ಟೀಚರು ಯಾರಿಗೂ ಕೈ ತೋರಲಿಲ್ಲ. ಮೂರನೆಯ ದೀಪದಲ್ಲಿ ಕೆಂಪು ಬಿದ್ದೊಡನೆ ಮತ್ತೆ ಹಿಂದೆ ತಿರುಗಿದರು.

ಡಯಾಲಿಸಿಸ್ ನಾಲ್ಕು ಗಂಟೆ. ಆಸ್ಪತ್ರೆಯ ಬೇವಿನ ನೆರಳಲ್ಲಿ ಕೂತು, ಟೀಚರು ತಂದ ರೊಟ್ಟಿ ಪುಂಡಿಪಲ್ಯ ತಿಂದು, ಗಡಿಯಾರ ನೋಡಿಕೊಂಡು ಲೆಕ್ಕ ಹಾಕಿದೆ. ಮೂರು ದೀಪ ಸೇರಿ ನಮ್ಮ ಆರು ನಿಮಿಷ ತಿಂದಿದ್ದವು. ಗಾಡಿಯ ಮಟ್ಟಿಗೆ ನನ್ನ ವಾದ ಈಗಲೂ ಸರಿ, ಯಾರು ಬೇಕಾದರೂ ಬಂದು ಅಳೆಯಲಿ. ಆದರೆ ಗಾಡಿಯೊಳಗೆ ಕೂತವರನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅದಕ್ಕೆ ನಾಚಿಕೆಯಾಯಿತು.

ಮರಳುವಾಗ ಬಿಸಿಲು ಇಳಿದಿತ್ತು. ಊರು ದಾಟಿದ ಮೇಲೆ ಸಿಗ್ನಲ್ಲೇ ಇಲ್ಲ. ಸೇತುವೆ ದಾಟಿ, ಎರಡೂ ಬದಿ ಜೋಳ ನಿಂತಿದ್ದ ಕಡೆ ನಾನು ಹೇಳಿದೆ, "ಟೀಚರ್ರೇ, ಬಾಜೂಕ ತಗೊಂಡು ನಿಲ್ಲಸ್ರಿ."

"ಯಾಕ್ರಿ ಸರ್? ತಪ್ಪಾತೇನ್ರಿ?"

"ಕೆಂಪ ಬಿದ್ದದ."

ಅವರು ಖಾಲಿ ರಸ್ತೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ನಕ್ಕು ಹಿಂದೆ ತಿರುಗಿದರು. ಮಾರುತಿರಾವ್ ಸೋತು ಮಲಗಿದ್ದರು. ಶಾಲು ಎದೆಯವರೆಗೆ ಎಳೆದು ಹೊದಿಸಿದರು. ನಾನು ಜೋಳದ ಹೊಲ ನೋಡುತ್ತ ಕೂತೆ.

"ಹಸಿರ ಬಿತ್ತೇನ್ರಿ ಸರ್?"

ಉತ್ತರ ಹಿಂದಿನ ಸೀಟಿನಿಂದ ಬಂತು. ಮಾರುತಿರಾವ್ ಕಣ್ಣು ಮುಚ್ಚಿಕೊಂಡೇ ಕೈ ಎತ್ತಿ, ಬಸ್ಸಿನ ಕಂಡಕ್ಟರು ಬಡಿಯುವಂತೆ, ಬಾಗಿಲನ್ನು ಬೆರಳಗೆಣ್ಣಿನಿಂದ ಎರಡು ಸಲ ಬಡಿದರು.

"ಬಿತ್ತು. ರೈಟ್ ರೈಟ್."

ಮೂವತ್ತು ವರ್ಷ ಬೇರೆಯವರು ಹೇಳಿದ ಆ ಮಾತು ಕೇಳಿ ಬಸ್ ಬಿಟ್ಟವರು. ಟೀಚರು ಇಂಡಿಕೇಟರ್ ಹಾಕಿ ಗಾಡಿ ರಸ್ತೆಗೆ ತೆಗೆದರು.